ಗೋದಡಿ ಅಂಚಿನ ಪದ

ನಮ್ಮ ಮನೆಯಲ್ಲಿ ಗೋದಡಿ ಹೊಲಿಯುವುದು ಹೊಟ್ಟೆಪಾಡಿಗೆ, ಹಾಡುವುದು ಹಟಕ್ಕೆ. ಹೀಗೆಂದರೆ ಅತ್ತೆ ಒಪ್ಪುವುದಿಲ್ಲ. ಅವರ ಪ್ರಕಾರ ಎರಡೂ ದೇವರಿಗೆ. ಇರಲಿ, ಬರೆಯುತ್ತಿರುವವಳು ನಾನು.

ಹಬ್ಬುವಾಡದ ನಮ್ಮ ಮನೆಯ ನಡುಕೋಣೆಯಲ್ಲಿ ಸೋಫಾ ಇಲ್ಲ, ಕುರ್ಚಿಯೂ ಇಲ್ಲ. ಇಟ್ಟರೆ ಗೋದಡಿ, ಅಂದರೆ ಕೌದಿ, ಹಾಸಲು ಜಾಗ ಸಾಲುವುದಿಲ್ಲ. ಜನ ತಮ್ಮ ಅಮ್ಮನ, ಅಜ್ಜಿಯ ಹಳೆಯ ನೂಲಿನ ಸೀರೆಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಈಗೀಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿ, ಆಮೇಲೆ ಸೀರೆ ಕೊರಿಯರ್ ಮಾಡುವವರೂ ಇದ್ದಾರೆ. ದೇವಬಾಗದ ಕಡಲತೀರಕ್ಕೆ ಬಂದ ಪ್ರವಾಸಿಗರು ಒಂದೊಂದು ಸಲ ದಾರಿ ಕೇಳಿಕೊಂಡು ಬಂದು, ನೋಡಿ, ಹೊಗಳಿ, ಬರಿಗೈಯಲ್ಲಿ ಹೋಗುತ್ತಾರೆ. ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಾಲ್ಕು ಮೂಲೆಗೆ ನಾಲ್ವರು ಕುಳಿತು ಕೈಯಿಂದಲೇ ಹೊಲಿಯುತ್ತೇವೆ. ಒಂದು ಮೂಲೆ ಅತ್ತೆಯದು, ಒಂದು ನನ್ನದು, ಒಂದು ನಾದಿನಿಯದು. ಇನ್ನೊಂದು ಸದಾಶಿವಗಡದಿಂದ ಬಸ್ಸು ಹಿಡಿದು ಬರುವ ಅತ್ತೆಯ ಗೆಳತಿಯದು.

ಅತ್ತೆ ಬೆಳೆದದ್ದು ಮರಾಠಿ ನಾಟಕದ ಹಾಡು ಕೇಳಿ. ಅವರ ತವರಿನ ಹಾರ್ಮೋನಿಯಂ ಇಂದಿಗೂ ನಮ್ಮ ಮನೆಯಲ್ಲಿದೆ, ಮಕ್ಕಳು ಮುಟ್ಟಿದರೆ ಕೈಗೆ ಪೆಟ್ಟು. ನಾನು ಅಂಕೋಲೆಯ ಕಡೆಯ ಹಳ್ಳಿಯವಳು, ರೈತರ ಮನೆಯವಳು. ನನ್ನ ಅಪ್ಪ ಗದ್ದೆಯಿಂದ ಬಂದು ಕಾಲು ತೊಳೆದವರೇ ಯಕ್ಷಗಾನದ ಪದ ಹಿಡಿಯುತ್ತಿದ್ದರು, ಊಟದ ತಟ್ಟೆ ಬರುವ ತನಕ ತೊಡೆಯೇ ಅವರ ಚಂಡೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಹೊಲಿಯುತ್ತ ಕುಳಿತಲ್ಲೇ ಒಂದು ಪದ ಎತ್ತಿದೆ. ಅತ್ತೆ ಸೂಜಿ ನಿಲ್ಲಿಸಿ ಕೇಳಿದರು, "ಇದೆಂತ ಗೋ, ಹಾಡೂದಾ, ಹೊಳೆ ಆಚೆಯವ್ರನ್ನ ಕರಿಯೂದಾ?"

ನಾದಿನಿ ನಕ್ಕಳು. ನಾನು ನಗಲಿಲ್ಲ. ಇನ್ನೂ ಜೋರಾಗಿ ಹಾಡಿದೆ.

ಕೈಹೊಲಿಗೆಯ ಕಷ್ಟ ಏನೆಂದರೆ, ಸೂಜಿ ಬಾಯಿಯ ಮಾತು ಕೇಳುತ್ತದೆ. ಅತ್ತೆಯ ನಿಧಾನದ ರಾಗಕ್ಕೆ ಹೊಲಿಗೆ ಜೀರಿಗೆಯಷ್ಟು ಸಣ್ಣಗೆ, ಒಂದೇ ಸಮ ಬೀಳುತ್ತದೆ. ನನ್ನ ಪದಕ್ಕೆ ಅದು ಹಾರುತ್ತದೆ, ಪದ ಏರಿದಲ್ಲಿ ಉದ್ದ, ಇಳಿದಲ್ಲಿ ಗಿಡ್ಡ. ಅತ್ತೆ ನನ್ನ ಸಾಲುಗಳನ್ನು ಬಿಚ್ಚುತ್ತಿದ್ದರು. ನಾನು ಮತ್ತೆ ಹೊಲಿಯುತ್ತಿದ್ದೆ, ಅದೇ ಪದ ಹಾಡುತ್ತ. ಮನೆಯ ಗಂಡಸರು ಈ ಜಗಳದ ಸುದ್ದಿಗೇ ಬರುತ್ತಿರಲಿಲ್ಲ.

ಕೊನೆಗೆ ನಮ್ಮಿಬ್ಬರನ್ನು ರಾಜಿ ಮಾಡಿಸಿದ್ದು ಗೋದಡಿಯ ಅಂಚು. ಅಂಚು ಉದ್ದಕ್ಕೆ ಹೋಗುವಾಗ ನಿಧಾನ ಬೇಕು. ಮೂಲೆಯಲ್ಲಿ ಬಟ್ಟೆ ಮಡಚಿ ಹಿಡಿದ ತಕ್ಷಣ, ಮಡಿಕೆ ಜಾರುವ ಮೊದಲೇ, ಚಕಚಕನೆ ಹೊಲಿದುಬಿಡಬೇಕು. ಅತ್ತೆಯ ರಾಗಕ್ಕೆ ಮೂಲೆಯಲ್ಲಿ ಮಡಿಕೆ ಜಾರುತ್ತಿತ್ತು. ನನ್ನ ಪದಕ್ಕೆ ನಿಲ್ಲುತ್ತಿತ್ತು. ಹೀಗೆ ನಮ್ಮ ಅಂಚಿನ ಪದ ಹುಟ್ಟಿತು. ಉದ್ದಕ್ಕೂ ಅತ್ತೆಯ ನಿಧಾನ, ಮೂಲೆಗೆ ಬಂದಾಗ ನನ್ನ ಅಂಕೋಲೆಯ ಓಟ. ಮಾತು ಅತ್ತೆಯೇ ಕಟ್ಟಿದ್ದು: "ವಿಠ್ಠಲಾ, ಮೂಲೆ ಬಂತು, ತಿರುಗು." ಒಬ್ಬಳು ತನ್ನ ಮೂಲೆ ಮುಟ್ಟಿದ ಕೂಡಲೇ ಪಕ್ಕದವಳು ಸಾಲು ಎತ್ತಬೇಕು. ನಾಲ್ಕನೇ ಮೂಲೆಯ ನಂತರ ಮತ್ತೆ ಮೊದಲನೆಯದು ಬರುವುದರಿಂದ ಈ ಪದಕ್ಕೆ ಕೊನೆ ಎಂಬುದಿಲ್ಲ. ಚಹಾ ಬಂದಾಗ ನಿಲ್ಲಿಸುತ್ತೇವೆ, ಅಷ್ಟೇ.

ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಸಂಜೆ ಗಂಡಸರ ಭಜನಾ ಮಂಡಳಿಯಲ್ಲಿ ತಾಳ ಹಾಕುವವರು. ಗೋಡೆಯಾಚೆ ಕುಳಿತು ಇಷ್ಟು ವರ್ಷ ಈ ಪದ ಕೇಳಿದ್ದಾರೆ. ಬೆಳಿಗ್ಗೆ ಬಚ್ಚಲಲ್ಲಿ ಅದನ್ನೇ ಹಾಡುತ್ತಾರೆ, ನಾಲ್ಕೂ ಮೂಲೆ ಸಹಿತ. ಹೊರಗೆ ನಮ್ಮ ನಗು ಕೇಳಿಸಿದರೆ ನಾಚಿಕೊಂಡು ನಲ್ಲಿ ಜೋರು ಮಾಡುತ್ತಾರೆ.

ಇನ್ನು ಸಪ್ತಾಹದ ಸಂಗತಿ. ನಮ್ಮ ದೇವಸ್ಥಾನದ ಭಜನಾ ಸಪ್ತಾಹದಲ್ಲಿ ಹಗಲು ರಾತ್ರಿ ಭಜನೆ ನಿಲ್ಲಬಾರದು. ಒಂದೊಂದು ಮಂಡಳಿಗೆ ಒಂದೊಂದು ಪಾಳಿ. ಪಾಳಿ ಬದಲಾಗುವಾಗ ಬಂದವರು ಇದ್ದವರ ಪದಕ್ಕೇ ದನಿ ಕೂಡಿಸಿ, ಅದು ಸರಿಯಾಗಿ ಕೂಡಿದ ಮೇಲೆ ಕೈಯಿಂದ ತಾಳ ತೆಗೆದುಕೊಳ್ಳಬೇಕು. ತಾಳ ನೆಲ ಮುಟ್ಟಿದರೆ ಭಜನೆ ಮುರಿದ ಹಾಗೆ. ಎರಡು ಪದ ಒಟ್ಟಿಗೆ ಕೇಳಿದರೂ ಮುರಿದ ಹಾಗೆಯೇ. ನಮ್ಮ ಹೆಂಗಸರ ಮಂಡಳಿಗೆ, ಅಂದರೆ ಗೋದಡಿಯ ಇದೇ ನಾಲ್ವರಿಗೆ, ಪ್ರತಿ ವರ್ಷ ಮಧ್ಯಾಹ್ನದ ಊಟವಾದ ಮೇಲಿನ ಪಾಳಿ. ಆಗ ಕೇಳುವವರು ಫ್ಯಾನಿನ ಕೆಳಗೆ ಕಂಬಕ್ಕೆ ಒರಗಿ ಗೊರಕೆ ಹೊಡೆಯುತ್ತಿರುತ್ತಾರೆ. ದೇವರೊಬ್ಬನೇ ಎಚ್ಚರ, ಅವನಿಗೆ ಬೇರೆ ದಾರಿಯಿಲ್ಲ.

ಅತ್ತೆಗೆ ಇದ್ದದ್ದು ಒಂದೇ ಆಸೆ. ದೀಪ ಹಚ್ಚುವ ಹೊತ್ತಿಗೆ, ಗರ್ಭಗುಡಿಯ ಸಾಲುದೀಪ ಬೆಳಗಿ ಜನ ತುಂಬಿದಾಗ, ಒಮ್ಮೆ ಹಾಡಬೇಕು. ಪ್ರತಿ ವರ್ಷ ಕೇಳುತ್ತಿದ್ದರು. ದೇವಸ್ಥಾನ ಸಮಿತಿಯ ಕಾರ್ಯದರ್ಶಿ ಪ್ರತಿ ವರ್ಷ ಬಹಳ ಮರ್ಯಾದೆಯಿಂದ ಹೇಳುತ್ತಿದ್ದರು, "ಆ ಹೊತ್ತಿಗೆ ಹೆಂಗಸ್ರು ಮನೇಲಿ ದೀಪ ಹಚ್ಬೇಕಲ್ದಾ ಅಮ್ಮಾ? ನಿಮ್ಗೇ ತೊಂದ್ರೆ ಆಗ್ತದೆ ಅಂತ."

ನಮ್ಮ ತೊಂದರೆಯ ಬಗ್ಗೆ ಇಷ್ಟು ಕಾಳಜಿ ಇರುವ ಮನುಷ್ಯ, ಸಂತರ್ಪಣೆಗೆ ತೆಂಗಿನಕಾಯಿ ತುರಿಯಲು ಕರೆಯುವಾಗ ಮಾತ್ರ ಹೊತ್ತುಗೊತ್ತು ನೋಡುವುದಿಲ್ಲ.

ಈ ವರ್ಷ ಅತ್ತೆಯ ಉಸಿರು ಗಿಡ್ಡವಾಗಿದೆ. ಪಾಳಿಗೆ ಹೋಗುವಾಗ ದೇವಸ್ಥಾನದ ಮೆಟ್ಟಿಲಲ್ಲಿ ನನ್ನ ಹೆಗಲು ಹಿಡಿದು ನಿಂತರು, ಯಾರ ಹೆಗಲನ್ನೂ ಹಿಡಿಯುವವರಲ್ಲ. "ಬರೂ ವರ್ಷ ನಂಗೆ ಹತ್ತೂಕೆ ಆಗೂದಿಲ್ಲ. ಈ ಸಲದ್ದೇ ಕೊನೆ," ಎಂದರು, ಸಾರಿಗೆ ಉಪ್ಪು ಕಡಿಮೆ ಅನ್ನುವ ದನಿಯಲ್ಲಿ. ನನಗೆ ಅಳು ಬರಲಿಲ್ಲ, ಕೋಪ ಬಂತು. ಕೋಪ ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ.

ನಮ್ಮ ಪಾಳಿ ಮುಗಿಯುತ್ತ ಬಂತು. ಸಂಜೆಯ ಪಾಳಿಯ ಗಂಡಸರು ಶುಭ್ರವಾದ ಜುಬ್ಬಾ ತೊಟ್ಟು ಬಂದರು. ಅವರ ಜೊತೆ ಗೋವಾ ಕಡೆಯಿಂದ ಕರೆಸಿದ ಹಾಡುಗಾರರೊಬ್ಬರೂ ಇದ್ದರು. ನನ್ನ ಗಂಡ ನನ್ನೆದುರು ನಿಂತು ತಾಳಕ್ಕೆ ಕೈ ಚಾಚಿದರು. ಆಗ ನಾನು ಅಂಚಿನ ಪದ ಎತ್ತಿದೆ.

ಅತ್ತೆ ತಟ್ಟನೆ ನನ್ನ ಕಡೆ ನೋಡಿದರು. ದೇವಸ್ಥಾನದಲ್ಲಿ ಅದನ್ನು ಎಂದೂ ಹಾಡಿದ್ದಿಲ್ಲ. ಒಂದು ಗಳಿಗೆ, ಬಿಚ್ಚಿಬಿಡುತ್ತಾರೇನೋ ಎಂದುಕೊಂಡೆ. ಆದರೆ ನನ್ನ ಮೂಲೆ ಮುಗಿಯುತ್ತಲೇ ಅವರ ದನಿ ಎದ್ದಿತು.

ಗಂಡಸರು ದನಿ ಕೂಡಿಸಲು ನೋಡಿದರು. ವಿಠ್ಠಲನ ತನಕ ಸರಿಯಾಗಿ ಬಂದರು. ಮೂಲೆಯಲ್ಲಿ ನಾವು ತಿರುಗಿಕೊಂಡೆವು, ಅವರು ನೇರ ಹೋಗಿ ಗೋಡೆಗೆ ಹೊಡೆದರು. ಮತ್ತೊಂದು ಸುತ್ತು, ಮತ್ತೆ ಗೋಡೆ. ಹಿಂದೆ ಕಂಬಕ್ಕೆ ಒರಗಿದ್ದವರು ಎದ್ದು ಕುಳಿತರು. ಕಾರ್ಯದರ್ಶಿ ಬಂದು ನಾದಿನಿಯ ಕಿವಿಯ ಹತ್ತಿರ ಬಗ್ಗಿ, "ಸಾಕು ಅಕ್ಕಾ, ನಿಲ್ಸಿ," ಎಂದು ಪಿಸುಗುಟ್ಟಿದರು. ಅವಳು ಹಾಡುತ್ತಲೇ ಬೆರಳೆತ್ತಿ ಮೇಲಿನ ಬ್ಯಾನರ್ ತೋರಿಸಿದಳು. ಅದರಲ್ಲಿ ದೊಡ್ಡಕ್ಷರದಲ್ಲಿ ಅಖಂಡ ಭಜನೆ ಎಂದು ಬರೆಸಿದ್ದು ಅವರೇ.

ಆಗ ಅವರಿಗೆ ಹೊಳೆಯಿತು. ನನ್ನ ಗಂಡನ ಕಡೆ ತಿರುಗಿದರು. "ನಿಮ್ಮನೆ ಪದ ಅಲ್ದಾ ಇದು ಮಾರಾಯ್ರೆ? ನಿಮ್ಗೆ ಬರ್ತದೆ. ನೀವು ಹಿಡೀರಿ, ನಾವು ಹಿಂದೆ ಬರ್ತೇವೆ."

ಹೌದು, ನನ್ನ ಗಂಡನಿಗೆ ಬರುತ್ತಿತ್ತು. ಅವರು ಬಾಯಿ ತೆರೆದರೆ ಮುಗಿಯಿತು. ಮಂಡಳಿ ಹಿಂದೆ ಬರುತ್ತಿತ್ತು, ತಾಳ ಕೈ ಬದಲಾಗುತ್ತಿತ್ತು, ಅತ್ತೆ ಮೆಟ್ಟಿಲಿಳಿಯಬೇಕಿತ್ತು. ಹೊರಗೆ ಬಿಸಿಲು ಇಳಿದಿತ್ತು, ಭಟ್ಟರು ಒಳಗೆ ಬತ್ತಿ ನೇರ ಮಾಡುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯನಿಗೆ ನಾನು ಅಷ್ಟು ಹೆದರಿದ್ದು ಅದೊಂದೇ ಸಲ. ಅವರು ನನ್ನ ಮುಖ ನೋಡಿದರು. ಆಮೇಲೆ ತಾಯಿಯ ಮುಖ ನೋಡಿದರು. ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು.

"ಹೆಂಗಸ್ರೆಲ್ಲ ಇಲ್ಲೇ ಇದ್ದಾರಲ್ಲ, ಮನೇಲಿ ದೀಪ ಹಚ್ಚೂಕೆ ಯಾರೂ ಇಲ್ಲ," ಎಂದರು ಕಾರ್ಯದರ್ಶಿಗೆ. "ನಾ ಹೋಗಿ ಹಚ್ಚಿ ಬರ್ತೆ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಸಾಲುದೀಪ ಹಚ್ಚಿದರು. ಗಂಟೆ ಬಾರಿಸಿದರು, ಕೆಲಸ ಮುಗಿಸಿ ಬಂದ ಜನ ಪ್ರಾಂಗಣ ತುಂಬಿ ನಿಂತರು. ಸಾಲು ಅತ್ತೆಗೆ ಬಂದಾಗ ನಾವು ಮೂವರೂ ದನಿ ತಗ್ಗಿಸಿದೆವು. ಮೇಲಿನ ಸ್ವರದಲ್ಲಿ ಅವರ ಗಂಟಲು ಒಡೆಯಿತು. ಒಡೆಯಲಿ! ಅವರು ಅದನ್ನು ಬಿಡಲಿಲ್ಲ, ಇನ್ನೊಮ್ಮೆ ಅಲ್ಲಿಗೇ ಹೋದರು. ದೀಪದ ಬೆಳಕು ಅವರ ಕನ್ನಡಕದ ಮೇಲೆ ಬಿದ್ದು ಕಣ್ಣು ಕಾಣಿಸುತ್ತಿರಲಿಲ್ಲ. ನನ್ನ ಕಣ್ಣಿಗೂ ಸರಿಯಾಗಿ ಏನೂ ಕಾಣಿಸುತ್ತಿರಲಿಲ್ಲ. ಮನಸ್ಸು ತುಂಬಿದ ಮೇಲೆ ಅವರೇ ಊರಿಗೆಲ್ಲ ಗೊತ್ತಿರುವ ನಾಮಕ್ಕೆ ಸಲೀಸಾಗಿ ಹೊರಳಿಕೊಂಡರು. ಗಂಡಸರು ದನಿ ಕೂಡಿಸಿದರು. ಅತ್ತೆ ತಮ್ಮ ತಾಳವನ್ನು ಗೋವಾದ ಹಾಡುಗಾರರ ಕೈಗೆ ಇಟ್ಟರು. ಭಜನೆ ಒಂದು ಉಸಿರಿನಷ್ಟೂ ಮುರಿಯಲಿಲ್ಲ.

ಹಾಡುಗಾರರು ತಾಳ ತೆಗೆದುಕೊಳ್ಳುತ್ತ, ಆ ಮೂಲೆಯ ಓಟ ಎಲ್ಲಿಯದು ಎಂದು ಕೇಳಿದರು. "ಅಂಕೋಲೆದು. ನಮ್ ಸೊಸೆ ತಂದದ್ದು," ಎಂದರು ಅತ್ತೆ. ಮರುದಿನ ಹೊಲಿಯಲು ಕುಳಿತಾಗ ನನ್ನ ಎರಡು ಸಾಲು ಬಿಚ್ಚಿದರು, ಅದು ಬೇರೆ ವಿಷಯ.

ಸಪ್ತಾಹ ಮುಗಿದ ಮೇಲೆ ಒಂದು ಬೆಳಿಗ್ಗೆ ನಾವು ಹೊಲಿಯುತ್ತಿದ್ದಾಗ ಕಾರ್ಯದರ್ಶಿ ಮನೆಗೆ ಬಂದರು. ಕುರ್ಚಿ ಇಲ್ಲದ್ದರಿಂದ ಬಾಗಿಲಲ್ಲೇ ನಿಂತರು. ಇನ್ನು ಮುಂದೆ ಪಾಳಿ ಬದಲಾಗುವಾಗ ಎಲ್ಲರಿಗೂ ಬರುವ ಪದವನ್ನೇ ಹಾಡಬೇಕು ಎಂದು ಸಮಿತಿ ಠರಾವು ಮಾಡಿದೆಯಂತೆ.

"ಹಂಗಾದ್ರೆ ಎಲ್ಲರೂ ಬಂದು ಇದನ್ನ ಕಲೀಲಿ," ಎಂದೆ. "ಗೋದಡಿ ಹಿಡಿಯೂಕೆ ನಮ್ಗೂ ಜನ ಬೇಕು."

"ಹಂಗಲ್ಲ ವೈನಿ," ಎಂದರು ಅವರು. "ಪಾಪ, ನಿಮ್ ಯಜಮಾನ್ರಿಗೇ ಆ ಪದ ಬರೂದಿಲ್ವಂತೆ. ನಾನೇ ಕೇಳ್ದೆ. ದೇವ್ರಾಣೆ ಬರೂದಿಲ್ಲ ಅಂದ್ರು."

ಅಷ್ಟರಲ್ಲಿ ಬಚ್ಚಲಿನಿಂದ ಪದ ಎದ್ದಿತು. ಉದ್ದದ ಸಾಲು, ಮೂಲೆ, ತಿರುವು, ಮತ್ತೆ ಉದ್ದದ ಸಾಲು. ಬಾಗಿಲಲ್ಲಿ ಯಾರು ನಿಂತಿದ್ದಾರೆಂದು ಅವರಿಗೆ ಚೆನ್ನಾಗಿ ಕೇಳಿಸಿರಬೇಕು, ನಮ್ಮದೇನೂ ದೊಡ್ಡ ಮನೆಯಲ್ಲ. ಅತ್ತೆ ಸೂಜಿಗೆ ದಾರ ಪೋಣಿಸಿಕೊಂಡರು. ನಾವು ಯಾರೂ ತಲೆ ಎತ್ತಲಿಲ್ಲ, ಅವರ ಹಾಡಿಗೇ ಹೊಲಿದೆವು. ಆವತ್ತು ಅವರು ನಲ್ಲಿ ಜೋರು ಮಾಡಲಿಲ್ಲ.