ಅಕ್ಕನ ಬೆನ್ನು ನೋಡುವ ಕೆಲಸ

ಆಗೆಲ್ಲ ಚಾಮರಾಜಪೇಟೆಯಲ್ಲಿ ಹುಡುಗಿಯರು ಭಾರ ಎತ್ತುತ್ತಾರೆ ಎಂದರೆ ಜನ ನಗುತ್ತಿದ್ದರು. ನಮ್ಮ ಬೀದಿಯ ವ್ಯಾಯಾಮಶಾಲೆಯಲ್ಲಿ ಗಂಡಸರು ಬಾರದ ಮಧ್ಯಾಹ್ನದ ಹೊತ್ತು ಮಾತ್ರ ಹುಡುಗಿಯರಿಗೆ. ಹುಡುಗಿಯರು ಎಂದರೆ ನಮ್ಮ ಗಿರಿಜಕ್ಕ ಒಬ್ಬಳೇ. ಅವಳು ಬಿ.ಕಾಂ. ಎರಡನೇ ವರ್ಷ, ನಾನು ಆರನೇ ಕ್ಲಾಸು. ಅಲ್ಲಿ ತುಕ್ಕು, ಬೆವರು, ಊದುಬತ್ತಿ ಮೂರೂ ಸೇರಿದ ವಾಸನೆ. ಈಗಲೂ ಆ ವಾಸನೆ ಬಂದರೆ ನನಗೆ ಹಸಿವಾಗುತ್ತದೆ, ಏಕೆಂದರೆ ಎಲ್ಲ ಮುಗಿದ ಮೇಲೆ ಅಕ್ಕ ಕಾಂಗ್ರೆಸ್ ಕಡ್ಲೆಬೀಜ ಕೊಡಿಸುತ್ತಿದ್ದಳು.

ನನಗೂ ಒಂದು ಕೆಲಸವಿತ್ತು. ಅಕ್ಕ ನೆಲದ ಮೇಲಿನ ರಾಡನ್ನು ತೊಡೆಯ ಮಟ್ಟಕ್ಕೆ ಎತ್ತುವಾಗ, ಅಂದರೆ ಡೆಡ್‌ಲಿಫ್ಟ್ ಮಾಡುವಾಗ, ನಾನು ಪಕ್ಕದಲ್ಲಿ ಕೂತು ಅವಳ ಬೆನ್ನನ್ನೇ ನೋಡಬೇಕು. ಸ್ವಲ್ಪ ಗೂನಾದರೂ "ಬೆನ್ನು!" ಎಂದು ಕೂಗಬೇಕು. ಅವಳು ತಕ್ಷಣ ರಾಡು ಬಿಟ್ಟುಬಿಡುತ್ತಿದ್ದಳು.

"ನನ್ ಬೆನ್ನು ನಂಗೆ ಕಾಣ್ಸಲ್ಲ ಕಣೆ. ನಿನ್ ಕಣ್ಣೇ ಗತಿ," ಎನ್ನುತ್ತಿದ್ದಳು.

"ರಾಡು ಕಾಲಿಗೆ ತಾಗ್ಕೊಂಡೇ ಬರ್ಬೇಕಮ್ಮ. ಹೊಟ್ಟೇಲಿ ಉಸಿರು ಹಿಡಿ. ಸೊಂಟದಿಂದ ಎಳೀಬೇಡ, ಕಾಲಲ್ಲಿ ನೆಲ ಒತ್ತು," ಎನ್ನುತ್ತಿದ್ದರು ವ್ಯಾಯಾಮಶಾಲೆ ನಡೆಸುತ್ತಿದ್ದ ಮೇಷ್ಟ್ರು. ಉದ್ದ ಕಾಲಿನ ಅಕ್ಕನಿಗೆ ಅವರು ಕಾಲಗಲಿಸಿ ನಿಂತು ಎತ್ತುವ ಸುಮೋ ವಿಧಾನ ಕಲಿಸಿದ್ದರು. ಹಾಗೆ ನಿಂತರೆ ಅವಳು ಅಷ್ಟು ಬಗ್ಗಬೇಕಾಗಿರಲಿಲ್ಲ, ಬೆನ್ನು ನೆಟ್ಟಗಿರುತ್ತಿತ್ತು.

ಆ ವರ್ಷ ಮೈಸೂರಿನಲ್ಲಿ ಭಾರ ಎತ್ತುವ ಪಂದ್ಯವಿತ್ತು. ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟಿದ್ದ ಅಪ್ಪ ಕಳಿಸಲು ಒಪ್ಪಿರಲಿಲ್ಲ. "ಸೊಂಟ ಹಿಡ್ಕೊಂಡ್ರೆ ಯಾರು ಮದ್ವೆ ಆಗ್ತಾರೆ?" ಎಂಬುದೊಂದೇ ಮಾತು. "ಆಯುಧಪೂಜೆ ದಿನ ಒಂದ್ಸಲ ಬಂದು ನೋಡಿ ಅಪ್ಪಾ, ಆಮೇಲೆ ಬೇಡ ಅನ್ನಿ," ಎಂದು ಅಕ್ಕ ವಾರವಿಡೀ ಕಾಡಿ ಒಪ್ಪಿಸಿದಳು.

ಅಪ್ಪ ಬಂದರು, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಪಂಚೆ ಉಟ್ಟು. ಮೇಷ್ಟ್ರು ಚಂದ ಕಾಣಲೆಂದು ರಾಡಿಗೆ ಎಲ್ಲಕ್ಕಿಂತ ಭಾರದ ದೊಡ್ಡ ಕಬ್ಬಿಣದ ಪ್ಲೇಟುಗಳನ್ನೇ ಹಾಕಿ, ಅರಿಶಿನ ಕುಂಕುಮವಿಟ್ಟು, ಸೇವಂತಿಗೆ ಸುತ್ತಿದ್ದರು. ಪೂಜೆಯಾದದ್ದನ್ನು ಅವತ್ತು ಬಿಚ್ಚುವಂತಿಲ್ಲ. ಹಗುರದ ಭಾರ ಎತ್ತಿ ಮೈ ಬಿಸಿ ಮಾಡಿಕೊಳ್ಳದೆ ಅಕ್ಕ ನೇರ ಅದಕ್ಕೇ ಕೈ ಹಾಕಿದಳು. ಅಪ್ಪನ ಎದುರು ಕಾಲಗಲಿಸಿ ನಿಲ್ಲಲು ಅವಳಿಗೆ ನಾಚಿಕೆ. ಕಾಲುಗಳನ್ನು ಹತ್ತಿರ ತಂದುಕೊಂಡು ನಿಂತಳು. ಮೇಷ್ಟ್ರು ಬಾಗಿಲಲ್ಲಿ ಕಡಲೆಪುರಿ ಹಂಚುತ್ತಿದ್ದರು.

ರಾಡು ನೆಲ ಬಿಟ್ಟಿತು. ಅಕ್ಕನ ಬೆನ್ನು ಗೂನಾಯಿತು. ನಾನು ನೋಡಿದೆ, ಚೆನ್ನಾಗಿಯೇ ನೋಡಿದೆ. ಕೂಗಿದರೆ, ಭಾರ ಎತ್ತುವುದರಿಂದ ಬೆನ್ನಿಗೆ ಅಪಾಯವಿದೆ ಎಂದು ಅಪ್ಪನಿಗೆ ಗೊತ್ತಾಗಿ ಮೈಸೂರು ತಪ್ಪಿಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಹನ್ನೊಂದು ವರ್ಷದವಳ ಜಾಣತನ! ರಾಡು ಮೊಣಕಾಲು ದಾಟಲಿಲ್ಲ, ಧೊಪ್ಪೆಂದು ಬಿತ್ತು. ಅಕ್ಕ ಉದುರಿದ ಹೂವಿನ ಮೇಲೆ ಕೈಯೂರಿದಳು, ಏಳಲಾಗಲಿಲ್ಲ.

"ನಾನ್ ಹೇಳ್ಲಿಲ್ವಾ?" ಎಂದರು ಅಪ್ಪ. ಮಗಳನ್ನು ಹಿಡಿದೆಬ್ಬಿಸುವ ಮೊದಲು ಆಡಿದ ಮಾತು ಅದು. ಅದಕ್ಕಾಗಿ ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅಕ್ಕ ಮೂರು ತಿಂಗಳು ಮಲಗಿದಳು. ವರ್ಷದೊಳಗೆ ಸೊಂಟದ ವಿಷಯ ಮುಚ್ಚಿಟ್ಟು ಮದುವೆ ಮಾಡಿದರು. ವ್ಯಾಯಾಮಶಾಲೆ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿಯಿದೆ. ಪಕ್ಕದ ಬಸವನಗುಡಿಯಲ್ಲಿ ನಾಲ್ಕು ಹೆಜ್ಜೆಗೊಂದು ಜಿಮ್. ಹುಡುಗಿಯರು ಯಾರ ಹಂಗೂ ಇಲ್ಲದೆ ಕಾಲಗಲಿಸಿ ನಿಂತು, ಮೊಬೈಲಿನಲ್ಲಿ ತಮ್ಮ ಬೆನ್ನನ್ನು ತಾವೇ ನೋಡಿಕೊಳ್ಳುತ್ತಾ ಎತ್ತುತ್ತಾರೆ. ಗಾಜಿನಾಚೆ ನಿಂತು ನೋಡುವಾಗ ನನಗೆ ಸಂತೋಷವಾಗಬೇಕು. ಆಗುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಅಕ್ಕನ ಮನೆಯಲ್ಲಿ ಇಬ್ಬರೂ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಾಗ ತಡೆಯಲಾರದೆ ಹೇಳಿಬಿಟ್ಟೆ. "ಅವತ್ತು ನಂಗೆ ಕಾಣಿಸ್ತಿತ್ತು ಅಕ್ಕಾ. ಬೇಕಂತ್ಲೇ ಕೂಗ್ಲಿಲ್ಲ."

ಅವಳು ತಲೆ ಎತ್ತಲಿಲ್ಲ. "ನೀನು ಕೂಗ್ಲಿಲ್ಲ ಅಂತ ತಾನೇ ನಾನು ಎಳೆದಿದ್ದು?" ಎಂದಳು.

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಲ್ಲಿಯವರೆಗೆ ಮದುವೆ ಮನೆಗಳಿಗೆ ಹೊರಡುವಾಗ "ಸೀರೆ ನೆರಿಗೆ ಸರಿಯಿದ್ಯಾ ನೋಡೇ" ಎಂದು ನನ್ನನ್ನೇ ಕೇಳುತ್ತಿದ್ದಳು. ಈಗ ನಾನು ಪಕ್ಕದಲ್ಲೇ ನಿಂತಿದ್ದರೂ ಮಗಳನ್ನು ಕರೆಯುತ್ತಾಳೆ.