ಆಂಟಿಗೆ ಸೇರದ ಹಾಡುಗಳು

ಆಂಟಿಯ ಎರಡೂ ಕಿವಿಯಲ್ಲಿ ಹತ್ತಿ ಇರುತ್ತಿತ್ತು. ನೆಗಡಿಗಲ್ಲ, ಕಿವಿನೋವಿಗೂ ಅಲ್ಲ. ದೇವರ ದೀಪಕ್ಕೆ ಬತ್ತಿ ಹೊಸೆದು ಉಳಿದ ಹತ್ತಿಯನ್ನು ಗುಂಡಗೆ ಉಂಡೆ ಮಾಡಿ, ವಜ್ರದೋಲೆಯ ಹಿಂದೆ ಜೋಪಾನವಾಗಿ ತುರುಕಿಕೊಂಡು, "ಇವತ್ತು ನಿಮ್ಮ ಅಂಕಲ್ ಬರ್ತಾರಮ್ಮ" ಅನ್ನುತ್ತಿದ್ದರು. ಗಂಡ ಬರುವ ದಿನ ಮಲ್ಲಿಗೆ ಮುಡಿಯುವವರನ್ನು ಕಂಡಿದ್ದೆ. ಕಿವಿ ಮುಚ್ಚಿಕೊಳ್ಳುವವರನ್ನು ಕಂಡದ್ದು ಆಸ್ಟ್ರೇಲಿಯಾದ ಪರ್ತ್‌ನಲ್ಲೇ ಮೊದಲು.

ಆಗ ನಾನು ಓದಲು ಬಂದ ಹೊಸತು. ಥಾರ್ನ್ಲಿ ಬಡಾವಣೆಯ ಅವರ ಮನೆಯ ಹಿಂದಿನ ರೂಮು ನನಗೆ ಬಾಡಿಗೆಗೆ ಸಿಕ್ಕಿತ್ತು. ಅಂಕಲ್ ಉತ್ತರದ ಕಬ್ಬಿಣದ ಗಣಿಯಲ್ಲಿ ಇಂಜಿನಿಯರ್. ಎರಡು ವಾರ ಅಲ್ಲಿ, ಒಂದು ವಾರ ಮನೆ. ವಿಮಾನ ಇಳಿದು ಬಂದವರು ಬಾಗಿಲಲ್ಲಿ ಕೆಂಪು ಮಣ್ಣು ಮೆತ್ತಿದ ಬೂಟು ಬಿಚ್ಚಿ, ಕಾಲು ತೊಳೆದು, ಕಾಫಿಗೂ ಮೊದಲು ಒಂದು ಸಿ.ಡಿ. ಹಾಕುತ್ತಿದ್ದರು. ಅಮೆರಿಕದ ಒಂದು ಕಂಟ್ರಿ ರಾಕ್ ಬ್ಯಾಂಡಿನ ಗ್ರೇಟೆಸ್ಟ್ ಹಿಟ್ಸ್. ಮೈಸೂರಿನ ಹಾಸ್ಟೆಲಿನಲ್ಲಿ ಕ್ಯಾಸೆಟ್ಟಾಗಿ ಅಂಟಿಕೊಂಡ ಚಟ ಅದು. ಬೇರೆ ಹಾಡು ಪ್ರಪಂಚದಲ್ಲಿ ಇದೆ ಅಂತ ಅವರು ಒಪ್ಪುತ್ತಲೇ ಇರಲಿಲ್ಲ.

"ಕೋಟಿಗಟ್ಟಲೆ ಮಾರಾಟ ಆಗಿದೆ ಕಣಮ್ಮ ಈ ಆಲ್ಬಮ್ಮು," ಎಂದು ನನ್ನೆದುರು ಜಂಬ ಕೊಚ್ಚುವರು.

"ಅಷ್ಟು ಜನ ಕೇಳ್ತಿದಾರಲ್ಲ, ನೀವೊಬ್ರು ಬಿಟ್ರೆ ಅವರಿಗೇನು ನಷ್ಟ?" ಅಡುಗೆಮನೆಯಿಂದ ಆಂಟಿಯ ದನಿ ಬರುತ್ತಿತ್ತು. ಹತ್ತಿ ಇಟ್ಟುಕೊಂಡರೂ ಗಂಡ ಹೇಳಿದ್ದು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆಂಟಿ ಹತ್ತಿರದ ಶಿಶುವಿಹಾರವೊಂದರಲ್ಲಿ ಕೆಲಸ ಮಾಡುತ್ತಿದ್ದರು. ಬಿಳಿ ಮಕ್ಕಳನ್ನೂ ಕನ್ನಡದಲ್ಲೇ ಗದರಿಸುತ್ತಿದ್ದರು, ಅವು ಕೇಳುತ್ತಲೂ ಇದ್ದವು. ನನಗೂ ಅದೇ ಗದರಿಕೆ. ಮೊದಲ ಪರೀಕ್ಷೆಯಲ್ಲಿ ಫೇಲಾಗಿ ರೂಮಿನ ಬಾಗಿಲು ಹಾಕಿಕೊಂಡಾಗ, ತಟ್ಟೆಯಲ್ಲಿ ಬಿಸಿ ಅಕ್ಕಿರೊಟ್ಟಿ ಹಿಡಿದು ಬಂದು, "ಮೊದ್ಲು ತಿನ್ನು, ಆಮೇಲೆ ಅಳು. ಖಾಲಿ ಹೊಟ್ಟೇಲಿ ಅತ್ರೆ ತಲೆ ನೋಯತ್ತೆ" ಅಂದರು. ನಾನು ತಿಂದೆ. ಆಮೇಲೆ ಅಳು ಬರಲಿಲ್ಲ. ಆ ಊರಿನಲ್ಲಿ ನಾನು ಉಳಿದದ್ದು ಅವರಿಂದ.

ಒಂದು ಸಲ ಅಂಕಲ್ ಬರಬೇಕಾದ ದಿನ ಬರಲಿಲ್ಲ. ಗಣಿಯ ಕ್ಯಾಂಪಿನಲ್ಲೇ ಹೃದಯ ನಿಂತಿತ್ತು. ಆಂಟಿ ಬೆಳಿಗ್ಗೆಯೇ ಕಿವಿಗೆ ಹತ್ತಿ ಇಟ್ಟುಕೊಂಡು ಕಾಯುತ್ತಿದ್ದರು. ಫೋನಿನಲ್ಲಿ ಹೇಳಿದ್ದು ಸರಿಯಾಗಿ ಕೇಳಿಸದೆ, "ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ ಹೇಳಿ" ಅಂತ ಇಂಗ್ಲಿಷಿನಲ್ಲಿ ಕೇಳುತ್ತಲೇ ಇದ್ದರು. ಕೊನೆಗೆ ಫೋನು ನಾನು ತೆಗೆದುಕೊಂಡೆ. ಆ ಮಾತನ್ನು ಅವರಿಗೆ ಹೇಳಬೇಕಾಗಿ ಬಂದದ್ದು ನನಗೆ.

ಹತ್ತನೆಯ ದಿನ ಹಿತ್ತಲಿನಲ್ಲಿ ಬಾಳೆಲೆ ಹಾಸಿ ಪಿಂಡ ಇಟ್ಟೆವು. ಪರ್ತ್‌ನಲ್ಲಿ ಕಾಗೆಗೇನು ಬರವೇ? ಕಸದ ಡಬ್ಬದ ಮುಚ್ಚಳ ತೆಗೆಯಲು ಕಲಿತ ಕಾಗೆಗಳು. ಮಗು ರಾಗ ಎಳೆದು ಅತ್ತ ಹಾಗೆ ಕೂಗುತ್ತವೆ. ಆ ದಿನವೂ ಬೇಲಿಯ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ.

ಪುರೋಹಿತರು, "ಏನೋ ಆಸೆ ಉಳಿದಿದೆ. ಒಬ್ಬೊಬ್ಬರಾಗಿ ಮಾತು ಕೊಡಿ," ಅಂದರು.

ಅಂಕಲ್‌ರ ಸ್ನೇಹಿತರು, "ಅತ್ತಿಗೆನ ನಾವು ನೋಡ್ಕೋತೀವಿ ಕಣೋ," ಅಂದರು. ಕಾಗೆ ಅಲುಗಲಿಲ್ಲ. ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಅವರ ಒಬ್ಬಳೇ ಮಗಳು ಕೈಮುಗಿದು, "ಅಪ್ಪಾ, ಐ ವಿಲ್ ಲುಕ್ ಆಫ್ಟರ್ ಅಮ್ಮ, ಐ ಪ್ರಾಮಿಸ್," ಅಂದಳು. ಆಗಲೂ ಇಲ್ಲ. ಬಿಸಿಲು ಏರಿತು. ಬಾಳೆಲೆಯ ಅಂಚು ಬಾಡತೊಡಗಿತು. ಬಂದವರು ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಆಂಟಿ ಎದ್ದು ಬಂದು ಬೇಲಿಯ ಹತ್ತಿರ ನಿಂತರು. ಅಡುಗೆಮನೆಯಿಂದ ಮಾತಾಡುತ್ತಿದ್ದ ಅದೇ ಗಟ್ಟಿ ದನಿಯಲ್ಲಿ, "ರೀ, ಆಯ್ತು. ದಿನಾ ಸಂಜೆ ನಿಮ್ಮ ಹಾಡು ಹಾಕ್ತೀನಿ. ಪೂರ್ತಿ ಹಾಕ್ತೀನಿ, ಮಧ್ಯ ನಿಲ್ಸಲ್ಲ. ಈಗ ಊಟಕ್ಕೆ ಬನ್ನಿ," ಅಂದರು.

ಕಾಗೆ ಇಳಿಯಿತು. ನಾನು ಕಣ್ಣಾರೆ ನೋಡಿದ್ದೇನೆ.

ಆ ಸಂಜೆಯಿಂದ ಆಂಟಿ ಕೊಟ್ಟ ಮಾತಿಗೆ ಕಟ್ಟುಬಿದ್ದರು. ಆರು ಗಂಟೆಗೆ ದೀಪ ಹಚ್ಚಿ, ಸಿ.ಡಿ. ಹಾಕಿ, ಕಿವಿಗೆ ಹತ್ತಿ ಇಟ್ಟುಕೊಳ್ಳದೆ, ಸೋಫಾದ ಒಂದು ತುದಿಯಲ್ಲಿ ಕೂರುತ್ತಿದ್ದರು. ಮುಖ ಕಷಾಯ ಕುಡಿದವರ ಹಾಗೆ. ಹಬ್ಬವಿರಲಿ, ಜ್ವರವಿರಲಿ, ನೆಂಟರು ಬಂದಿರಲಿ, ಪೂರ್ತಿ ಆಲ್ಬಮ್ ಮುಗಿಯದೆ ಏಳುತ್ತಿರಲಿಲ್ಲ.

ನನಗೆ ಬ್ರಿಸ್ಬೇನಿನಲ್ಲಿ ಕೆಲಸ ಸಿಕ್ಕಿ ಅಲ್ಲಿನ ಟೂವಾಂಗ್ ಬಡಾವಣೆಗೆ ಬಂದೆ. ಕೆಲವು ವರ್ಷಕ್ಕೆ ಮಗಳಿಗೂ ಅಲ್ಲೇ ಕೆಲಸವಾಗಿ, ತಾಯಿ ಮಗಳು ಅದೇ ಊರಿನ ನಾರ್ತ್ ಲೇಕ್ಸ್‌ಗೆ ಬಂದರು. ಸಿ.ಡಿ. ಪ್ಲೇಯರನ್ನು ಆಂಟಿ ಸಾಮಾನಿನ ಲಾರಿಗೆ ಕೊಡದೆ, ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದರು.

ಭಾನುವಾರ ನಾನು ಹೋಗುತ್ತಿದ್ದೆ. ಒಂದು ಸಂಜೆ ಹಾಡು ನಡೆದಿತ್ತು. ಆಂಟಿ ಎದ್ದು ಸೌಂಡು ಕಡಿಮೆ ಮಾಡಿ, ನನಗೆ ಕಾಫಿ ತರಲು ಒಳಗೆ ಹೋದರು. ತಿರುಗಿ ಬಂದವರು ನಿಂತುಬಿಟ್ಟರು.

"ನೀನು ಜಾಸ್ತಿ ಮಾಡಿದ್ಯಾ?"

ನಾನು ಕೂತ ಜಾಗದಿಂದ ಎದ್ದೇ ಇರಲಿಲ್ಲ. ಆದರೆ ಹಾಡು ಜೋರಾಗಿದೆ ಅಂತ ನನಗೂ ಅನ್ನಿಸಿತ್ತು. ಹಳೆಯ ಯಂತ್ರ, ಏನೋ ಆಗಿರಬಹುದು. ಆಂಟಿ ಸೋಫಾದ ಖಾಲಿ ತುದಿಯನ್ನು ಕೆಕ್ಕರಿಸಿ ನೋಡಿ, "ಹುಡುಗಿ ಬಂದಿದಾಳೆ, ಮಾತಾಡ್ಬೇಕು, ಸ್ವಲ್ಪ ಸುಮ್ನಿರಿ," ಅಂದರು. ಸೌಂಡು ಮತ್ತೆ ಇಳಿಸಿದರು. ನಾನು ಕಾಫಿ ಲೋಟ ಕೆಳಗಿಟ್ಟೆ.

ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಆಂಟಿ, ಬೈಕೋಬೇಡಿ. ಆ ಕಾಗೆ ಹಸಿವಾಗಿ ಬಂದಿರ್ಬೋದಲ್ವಾ?"

"ಇರ್ಬೋದು," ಅಂದರು ತಡಮಾಡದೆ. "ನಾನೂ ಯೋಚ್ನೆ ಮಾಡಿದೀನಿ. ಆದ್ರೆ ಮಾತು ಕೊಟ್ಟಿದ್ದು ಕಾಗೆಗಲ್ವಲ್ಲ."

ಪ್ಲೇಯರಿನ ಮೇಲಿನ ಧೂಳು ಸೆರಗಿನಲ್ಲಿ ಒರೆಸುತ್ತಾ ಅವರೇ ಹೇಳಿದರು: "ಈ ಹಾಡು ಕೇಳಿದ್ರೆ ಮನೆಗೆ ಬಂದಿದಾರೆ ಅಂತ. ನಿಂತ್ರೆ, ಗಣೀಲೇ ಇದಾರೆ ಅಂತ. ಅಲ್ಲಿ ಬಿಡಕ್ಕಾಗತ್ತೇನೇ?"

ಅವರ ಪಾಲಿಗೆ ಅದು ಹಾಡಾಗಿರಲೇ ಇಲ್ಲ ಅಂತ ನನಗೆ ಆ ದಿನ ಅರ್ಥವಾಯಿತು. ಒಂದು ಸಂಜೆ ತಪ್ಪಿದರೂ ಗಂಡ ಆ ಕೆಂಪು ಮಣ್ಣಿನಲ್ಲಿ ಒಬ್ಬರೇ ಉಳಿದುಬಿಡುತ್ತಾರೆ ಅನ್ನುವ ಭಯ ಅವರಿಗೆ.

ಮಗಳಿಗೆ ಅಡಿಲೇಡಿಗೆ ವರ್ಗವಾಗಿ ಆಂಟಿಯೂ ಜೊತೆಗೆ ಹೋದ ಮೇಲೆ ಅವರನ್ನು ನೋಡುವುದು ಅಪರೂಪವಾಯಿತು. ಅಲ್ಲಿ ಅವರ ಕಿವಿ ಮಂದವಾಗುತ್ತಾ ಹೋಗಿ, ಕೊನೆಕೊನೆಗೆ ಏನೂ ಕೇಳಿಸುತ್ತಿರಲಿಲ್ಲ. ಕಿವಿಗೆ ಕೇಳುವ ಯಂತ್ರ ಹಾಕಿಸಿದರೆ ಕಿತ್ತಿಡುತ್ತಿದ್ದರು. ನಾನು ನೋಡಲು ಹೋದಾಗ ಸರಿಯಾಗಿ ಆರಕ್ಕೆ ಹಾಡು ಶುರುವಾಯಿತು. ಆಂಟಿ ಅದೇ ತುದಿಯಲ್ಲಿ ಕೂತು, ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡಿದ್ದರು.

ಕೇಳಿಸುತ್ತಾ ಅಂತ ಕೈಸನ್ನೆ ಮಾಡಿದೆ. ತಲೆ ಅಲ್ಲಾಡಿಸಿ ನಕ್ಕರು. "ಈಗ ಅವರೊಬ್ರೇ ಕೇಳೋದು. ನಂಗೆ ಆರಾಮು."

ನಕ್ಕರೇನೋ ನಿಜ. ಅಂಗೈ ಮಾತ್ರ ತೆಗೆಯಲಿಲ್ಲ.

ಕಳೆದ ಚಳಿಗಾಲ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಸುದ್ದಿ ಬಂದ ಕೂಡಲೇ ಬ್ರಿಸ್ಬೇನಿನಿಂದ ಹೊರಟೆ. ಮರುದಿನ ಎಲ್ಲ ಮುಗಿಸಿ, ಬಂದವರನ್ನು ಕಳಿಸಿ, ನಾನೂ ಅವರ ಮಗಳೂ ಹಾಲ್‌ನಲ್ಲಿ ಕೂತೆವು. ಸೋಫಾದ ಎರಡು ತುದಿಯನ್ನೂ ಬಿಟ್ಟು ಇಬ್ಬರೂ ನೆಲದ ಮೇಲೆ ಕೂತಿದ್ದೆವು.

ಆರು ಗಂಟೆಯಾಯಿತು. ಮನೆ ಸುಮ್ಮನಿತ್ತು. ಅಷ್ಟು ಮೌನ ಆ ಮನೆಗೆ ಹೊಸದು. ಮಗಳು ಪ್ಲೇಯರಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಬದುಕಿಡೀ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು ಅವತ್ತು ತಡವರಿಸುತ್ತಾ ಕನ್ನಡದಲ್ಲಿ ಕೇಳಿದಳು: "ಅಕ್ಕಾ, ಈಗ ಅಪ್ಪ ಅಮ್ಮ ಇಬ್ರೂ ಒಟ್ಟಿಗೆ ಇದಾರಲ್ಲ. ಇನ್ನು ಯಾರಿಗೆ ಹಾಕೋದು?"

ಮನೆಯ ಆ ಮೌನ ನನಗೆ ತಡೆಯಲಾಗಲಿಲ್ಲ.

"ನಮಗೆ," ಅಂದೆ.

ಅವಳು ಎದ್ದು ಹಾಕಿದಳು.