ಕೊಳದಜ್ಜನ ಅಪ್ಪಣೆ

“ನನ್ನ ಅಪ್ಪಣೆ ಇಲ್ಲದೆ ಈ ಕೊಳದಿಂದ ಒಂದು ಹನಿ ನೀರೂ ಆಚೆ ಹೋಗಲ್ಲ” ಎನ್ನುವುದು ಕೊಳದಜ್ಜನ ದಿನದ ಮೊದಲ ಮಾತು. ಹಿತ್ತಲಿನ ಈಜುಕೊಳಕ್ಕೆ ಅವರು ಮಾಡುವ ಉಪಚಾರವನ್ನು ಸಮುದ್ರಕ್ಕೆ ಮಾಡಿದ್ದರೆ ಅದು ಎಂದೋ ಉಪ್ಪು ಬಿಟ್ಟು ಸಿಹಿಯಾಗುತ್ತಿತ್ತು. ಪ್ರತಿ ಸೋಮವಾರ ಮಂಡಿಯೂರಿ ನಳಿಕೆಯಲ್ಲಿ ನೀರು ಹಿಡಿದು ಪರೀಕ್ಷೆಯ ಔಷಧಿ ಬೆರೆಸುತ್ತಾರೆ. ಎಲ್ಲ ಸರಿಯಿದ್ದರೆ ನೀರು ಮಂಜಾಗಿ ನಳಿಕೆಯ ತಳದ ಕಪ್ಪು ಚುಕ್ಕೆ ಮರೆಯಾಗಬೇಕು. ಚುಕ್ಕೆಯೋ, ಕಣ್ಣು ಪಿಳುಕಿಸದೆ ಅವರನ್ನೇ ದಿಟ್ಟಿಸುತ್ತದೆ. ಕ್ಲೋರಿನ್ ಬಿಸಿಲಿಗೆ ಹಾಳಾಗದಂತೆ ಕಾಯುವ ಸ್ಟೆಬಿಲೈಜರ್ ಪುಡಿ ಮತ್ತೆ ಇಳಿದಿದೆ ಎಂದರ್ಥ. “ಬಿಸಿಲು ಹೀರ್ತು, ಪಂಪು ನುಂಗ್ತು, ಕಾಗೆ ಕುಡೀತು” ಎಂದು ವಾರಕ್ಕೊಬ್ಬ ಕಳ್ಳನನ್ನು ಹಿಡಿಯುತ್ತಾರೆ. “ರೀ, ಇನ್ನೊಂದ್ಸಲ ನೀರು ಹಸಿರಾದ್ರೆ ಮಣ್ಣು ತುಂಬ್ಸಿ ಬದನೆ ಹಾಕ್ತೀನಿ, ನೋಡ್ತಿರಿ” ಎಂದು ಅಜ್ಜಿ ಕಡ್ಡಿ ಮುರಿದಂತೆ ಹೇಳಿದ ಮೇಲೆಯೇ ಮೆಕ್ಯಾನಿಕ್‌ಗೆ ಕರೆ ಹೋಯಿತು. ಅವನು ಪೈಪುಗಳನ್ನೆಲ್ಲ ತಡವಿ ನೋಡಿ, ಟೈಲ್ಸ್ ಮೇಲೆ ತುಂಬು ಮಟ್ಟಕ್ಕಿಂತ ಒಂದು ಗೇಣು ಕೆಳಗಿದ್ದ ಕಲೆಯ ಗೆರೆಯನ್ನು ತೋರಿಸಿದ. “ಯಜಮಾನ್ರೇ, ಎಲ್ಲೂ ಸೋರ್ತಿಲ್ಲ. ಪುಡಿ ಆವಿಯಾಗೋದಲ್ಲ, ನೀರಿನ ಜೊತೇಲೇ ಹೋಗೋದು. ಯಾರೋ ಆಗಾಗ ಇಲ್ಲೀವರೆಗೆ ನೀರು ಹೊರಗೆ ಬಿಟ್ಟು, ಮತ್ತೆ ತುಂಬಿಸ್ತಿದ್ದಾರೆ.” ಅಜ್ಜಿ ಗಂಡನ ಮುಖ ನೋಡಿದರು. ಭಾನುವಾರ ಈಜು ಕಲಿಯಲು ಬರುವ ಮೊಮ್ಮಗಳು ಒಮ್ಮೆ ಮೂಗಿಗೆ ನೀರು ಹೋಗಿ ಬೆಚ್ಚಿದ್ದಳು. ಆಮೇಲೆ ಒಂದು ಭಾನುವಾರವೂ ನೀರು ಅವಳ ಗಲ್ಲ ದಾಟಿರಲಿಲ್ಲ, ಅದೇಕೆಂದು ಯಾರೂ ಕೇಳಿರಲಿಲ್ಲ. “ಒಂದು ಹನೀನೂ ಹೋಗಲ್ಲ ಅಂತಿದ್ರಲ್ಲ!” ಎಂದು ಮೆಕ್ಯಾನಿಕ್ ನಕ್ಕ. ಕೊಳದಜ್ಜ ನಳಿಕೆ ಒರೆಸುತ್ತಾ ಹೇಳಿದರು: “ಅಪ್ಪಣೆ ಇಲ್ಲದೆ ಹೋಗಲ್ಲ ಅಂದೆ ಕಣಯ್ಯಾ, ಅಪ್ಪಣೆ ಕೊಟ್ಟೋನು ನಾನೇ. ಮೊಮ್ಮಗಳು ಇನ್ನೊಂದು ಗೇಣು ಬೆಳೆಯೋವರೆಗೂ ನೀನು ಪುಡಿ ತಂದು ಸುರೀತಿರು.”